ತೋಳಿನ ಜಾತಕ

ಬೇಸ್‌ಬಾಲ್ ಎಂಬ ಆಟದ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ; ಅದನ್ನು ಕಣ್ಣಾರೆ ಕಂಡವರು ಇನ್ನೂ ಕಡಿಮೆ. ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿರುವ ಹಿರಿಯರು ಅಲ್ಲಿ ಆರು ತಿಂಗಳು ಇದ್ದು ಬಂದ ಮೇಲೆ, 'ಕ್ರಿಕೆಟ್ಟಿನ ಹಾಗೇ ಇದೆ, ಆದರೆ ಕ್ರಿಕೆಟ್ಟಲ್ಲ' ಎಂದು ಒಂದೇ ಮಾತಿನಲ್ಲಿ ಅದನ್ನು ಮುಗಿಸಿಬಿಡುತ್ತಾರೆ. ಆ ಆಟದ ನಿಯಮಗಳನ್ನೆಲ್ಲ ಇಲ್ಲಿ ವಿವರಿಸುವ ಉದ್ದೇಶ ನನಗಿಲ್ಲ. ಅದರ ಒಳಗೆ ನೂರು ವರ್ಷಗಳಿಂದ ನಡೆದುಬಂದಿರುವ ಒಂದು ವಿಚಿತ್ರ ಬೇಸಾಯದ ಕಥೆಯನ್ನಷ್ಟೇ ಹೇಳಬೇಕೆಂದಿದ್ದೇನೆ. ಹದಿನೇಳೋ ಹದಿನೆಂಟೋ ವಯಸ್ಸಿನ ಹುಡುಗನ ತೋಳನ್ನು ನೋಡಿ, ಇನ್ನು ಐದು ವರ್ಷಕ್ಕೆ ಈ ತೋಳು ಏನಾದೀತು ಎಂದು ಭವಿಷ್ಯ ನುಡಿಯುವ, ಆ ಭವಿಷ್ಯದ ಮೇಲೆ ಲಕ್ಷಾಂತರ ಡಾಲರು ಹೂಡುವ ಬೇಸಾಯ ಅದು.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ನಮ್ಮ ಬೌಲರನಂತೆ ಅವನು ಓಡಿಬಂದು ತೋಳನ್ನು ನೇರವಾಗಿ ತಿರುಗಿಸುವುದಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಮೊಣಕೈ ಮಡಿಸಿ, ಮೈಯನ್ನೆಲ್ಲ ಬಿಲ್ಲಿನಂತೆ ಬಗ್ಗಿಸಿ, 60 ಅಡಿ 6 ಅಂಗುಲ ದೂರದಲ್ಲಿ ನಿಂತ ಎದುರಾಳಿಯತ್ತ ಚೆಂಡನ್ನು ಬೀಸಿ ಎಸೆಯುತ್ತಾನೆ. ನಡುವೆ ಚೆಂಡು ನೆಲ ಮುಟ್ಟುವುದಿಲ್ಲ. ಪಂದ್ಯದ ಗತಿ ಬಹುಮಟ್ಟಿಗೆ ಅವನೊಬ್ಬನ ಕೈಯಲ್ಲಿರುತ್ತದೆ. ತೊಂಬತ್ತು ನೂರು ಎಸೆತ ಎಸೆದನೆಂದರೆ ಮುಂದಿನ ನಾಲ್ಕೈದು ದಿನ ಅವನಿಗೆ ವಿಶ್ರಾಂತಿ. ಅಷ್ಟು ಜೋಪಾನ ಮಾಡಿದರೂ ಮೊಣಕೈಯ ಒಳಬದಿಯಲ್ಲಿರುವ ಒಂದು ಸಣ್ಣ ಕಟ್ಟುನರ ಹರಿದುಹೋಗುವುದು ಅಪರೂಪವಲ್ಲ. ಮೂಳೆಗೆ ಮೂಳೆಯನ್ನು ಬಿಗಿದಿರುವ, ಕಿರುಬೆರಳಿಗಿಂತ ಸಣ್ಣದಾದ ಆ ಪಟ್ಟಿಯ ಮೇಲೆ ಈ ಕಥೆಯ ಮುಕ್ಕಾಲು ಭಾಗ ನಿಂತಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಚಿಕ್ಕಪುಟ್ಟ ಊರುಗಳ ತಂಡಗಳು ಬಹುತೇಕ ಸ್ವತಂತ್ರವಾಗಿದ್ದವು. ಸುತ್ತಲಿನ ಹುಡುಗರನ್ನು ಆಡಿಸಿ ತಯಾರು ಮಾಡಿ, ಚೆನ್ನಾಗಿ ಬಂದವನನ್ನು ದೊಡ್ಡ ನಗರಗಳ ತಂಡಗಳಿಗೆ ಮಾರುವುದು ಅವುಗಳ ಜೀವನೋಪಾಯ. ಹಣವಿದ್ದವರಿಗೆ ಬೆಳೆದುನಿಂತ ಆಟಗಾರ ಸಿಗುತ್ತಿದ್ದ, ಇಲ್ಲದವರಿಗೆ ಅಳಿದುಳಿದದ್ದು. ಸೇಂಟ್ ಲೂಯಿಸಿನ ಕಾರ್ಡಿನಲ್ಸ್ ತಂಡ ಇಲ್ಲದವರ ಸಾಲಿನದು. 1917ರಲ್ಲಿ ಅದರ ಆಡಳಿತವನ್ನು ವಹಿಸಿಕೊಂಡ ಬ್ರಾಂಚ್ ರಿಕಿ ಓಹಿಯೋ ಸೀಮೆಯ ರೈತ ಮನೆತನದವನು, ಕಾನೂನು ಓದಿದವನು, ಭಾನುವಾರ ಆಟದ ಬಯಲಿಗೆ ಕಾಲಿಡದ ಮಡಿವಂತ ಕ್ರೈಸ್ತ. ತಾನು ಹುಡುಕಿದ ಹುಡುಗರನ್ನು ಶ್ರೀಮಂತ ತಂಡಗಳು ಎರಡು ಕಾಸು ಹೆಚ್ಚು ಕೊಟ್ಟು ಹಾರಿಸಿಕೊಂಡು ಹೋಗುವುದನ್ನು ನೋಡಿ ನೋಡಿ ಬೇಸತ್ತ ರಿಕಿ, ಕೊಳ್ಳಲಾಗದಿದ್ದರೆ ಬೆಳೆದುಕೊಳ್ಳೋಣ ಎಂದು ನಿಶ್ಚಯಿಸಿದ. 1919ರಿಂದ ಎರಡು ಮೂರು ವರ್ಷಗಳಲ್ಲಿ ಹ್ಯೂಸ್ಟನ್, ಫೋರ್ಟ್ ಸ್ಮಿತ್, ಸಿರಕ್ಯೂಸ್ ಊರುಗಳ ತಂಡಗಳಲ್ಲಿ ಪಾಲು ಕೊಂಡ. ಕೆಳಗಿನ ಹಂತದಲ್ಲಿ ಹುಡುಗನನ್ನು ಸೇರಿಸುವುದು, ಒಂದೊಂದೇ ಮೆಟ್ಟಿಲು ಹತ್ತಿಸುವುದು, ಕೊನೆಗೆ ಸೇಂಟ್ ಲೂಯಿಸಿಗೆ ತರುವುದು. ಜನ ಅದನ್ನು 'ಫಾರ್ಮ್' ಎಂದು ಕರೆದರು. ನಮ್ಮ ಮಾತಿನಲ್ಲಿ ಸಸಿಮಡಿ ಎಂದರೆ ಇನ್ನೂ ಸರಿಹೋದೀತು. ಬಿತ್ತಿದ್ದೆಲ್ಲ ಗದ್ದೆಗೆ ಹೋಗುವುದಿಲ್ಲವಷ್ಟೆ?

ಮೂವತ್ತರ ದಶಕದ ಕೊನೆಗೆ ರಿಕಿಯ ಹಿಡಿತದಲ್ಲಿ ಮೂವತ್ತಕ್ಕೂ ಹೆಚ್ಚು ತಂಡಗಳು, ನೂರಾರು ಹುಡುಗರು ಇದ್ದರು. ಅಷ್ಟೊಂದು ಮಂದಿ ಏಕೆ ಎಂದು ಕೇಳಿದವರಿಗೆ, ರಾಶಿಯಿದ್ದರೆ ತಾನೆ ಗಟ್ಟಿಕಾಳು ಸಿಗುವುದು ಎಂಬ ಅರ್ಥದ ಉತ್ತರ ಆತನಲ್ಲಿ ಸಿದ್ಧವಾಗಿತ್ತು. ಇದನ್ನು ಜಾಣತನವೆಂದು ಎಲ್ಲರೂ ಹೊಗಳಿದ್ದಾರೆ. ನನಗೆ ಅದರಲ್ಲಿ ಒಂದು ತಪ್ಪೊಪ್ಪಿಗೆಯೂ ಕೇಳಿಸುತ್ತದೆ. ಯಾವ ಹುಡುಗ ಮೇಲೆ ಬರುತ್ತಾನೆಂದು ತಿಳಿದಿದ್ದರೆ ನೂರಾರು ಜನರನ್ನು ಸಾಕುವ ಅಗತ್ಯವೇನಿತ್ತು? ಸಾಕುವುದೆಂದರೂ ಸಂಬಳ ಅತ್ಯಲ್ಪ. ಒಮ್ಮೆ ರುಜು ಹಾಕಿದ ಹುಡುಗ ತಂಡ ಬಿಟ್ಟಲ್ಲದೆ ಬೇರೆಡೆಗೆ ಹೋಗುವಂತಿರಲಿಲ್ಲ. ಆಟದ ಮುಖ್ಯಾಧಿಕಾರಿಯಾಗಿದ್ದ ನ್ಯಾಯಾಧೀಶ ಲ್ಯಾಂಡಿಸ್ 1938ರಲ್ಲಿ ಈ ಹಿಡಿತ ಮಿತಿಮೀರಿತೆಂದು ಕಾರ್ಡಿನಲ್ಸ್ ಸಸಿಮಡಿಯ ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಒಂದೇ ಆಜ್ಞೆಯಲ್ಲಿ ಬಿಡುಗಡೆ ಮಾಡಿದ. ವ್ಯವಸ್ಥೆ ಮಾತ್ರ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಉಳಿದ ತಂಡಗಳೂ ಅದೇ ದಾರಿ ಹಿಡಿದಿದ್ದವು.

ಆ ವರ್ಷವೇ, ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಕಾರ್ಖಾನೆಯ ಊರಿನಿಂದ, ಪೋಲೆಂಡಿನಿಂದ ವಲಸೆ ಬಂದ ಕಾರ್ಮಿಕನ ಮಗನೊಬ್ಬ ರಿಕಿಯ ಸಸಿಮಡಿಯ ಕೆಳಗಿನ ಹಂತಕ್ಕೆ ಬಂದ. ವಯಸ್ಸು ಹದಿನೇಳು. ಎಡಗೈ ಪಿಚರ್. ಮೂರನೆಯ ವರ್ಷ, 1940ರಲ್ಲಿ, ಫ್ಲಾರಿಡಾದ ಡೇಟೋನಾ ಬೀಚ್ ತಂಡದಲ್ಲಿ 18 ಪಂದ್ಯ ಗೆದ್ದ. ಭವಿಷ್ಯ ಬರೆಯುವವರಿಗೆ ಇದಕ್ಕಿಂತ ಸುಲಭದ ಜಾತಕ ಬೇಕೆ? ಪಿಚ್ ಮಾಡದ ದಿನಗಳಲ್ಲಿ ಅವನನ್ನು ದೂರದ ಮೈದಾನದಲ್ಲಿ ನಿಲ್ಲಿಸಿ ಬ್ಯಾಟು ಹಿಡಿಸುವ ವಾಡಿಕೆಯಿತ್ತು. ಆಗಸ್ಟ್ ತಿಂಗಳಲ್ಲಿ ಹಾಗೆ ಒಂದು ಚೆಂಡಿಗೆ ಹಾರಿಬಿದ್ದು ಎಡಭುಜ ಪೆಟ್ಟಾಯಿತು. ಪಿಚರನ ಕಥೆ ಅಲ್ಲಿಗೆ ಮುಗಿಯಿತು. ಒಂದು ವರ್ಷದ ನಂತರ ಅದೇ ಹುಡುಗ ಬ್ಯಾಟುಗಾರನಾಗಿ ಸೇಂಟ್ ಲೂಯಿಸಿಗೆ ಬಂದು, ಮುಂದೆ 3,630 ಹೊಡೆತಗಳ ದಾಖಲೆ ಮಾಡಿದ. ಸ್ಟ್ಯಾನ್ ಮ್ಯೂಸಿಯಲ್ ಎಂಬ ಆ ಹೆಸರು ಸೇಂಟ್ ಲೂಯಿಸಿನಲ್ಲಿ ಇಂದಿಗೂ ಮನೆಮಾತು. ಕೆಳ ಹಂತಗಳಲ್ಲಿ ಅವನನ್ನು ಪಿಚರನೆಂದೇ ಸೇರಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು.

ಅದೇ ಸಸಿಮಡಿಯಿಂದ ಬಂದ ಡಿಜ್ಜಿ ಡೀನ್ 1934ರಲ್ಲಿ 30 ಪಂದ್ಯ ಗೆದ್ದ ಮಹಾಶೂರ. 1937ರ ಒಂದು ಪ್ರದರ್ಶನ ಪಂದ್ಯದಲ್ಲಿ ಎದುರಾಳಿ ಹೊಡೆದ ಚೆಂಡು ನೇರವಾಗಿ ಕಾಲ್ಬೆರಳಿಗೆ ಬಡಿದು ಅದು ಮುರಿಯಿತು. ನೋವು ತಪ್ಪಿಸಿಕೊಳ್ಳಲು ಎಸೆಯುವ ವರಸೆಯನ್ನೇ ಬದಲಿಸಿದ. ಅದರಿಂದ ತೋಳು ಕೆಟ್ಟಿತು. ಮರುವರ್ಷ ರಿಕಿ ಆತನನ್ನು 1,85,000 ಡಾಲರು ಮತ್ತು ಮೂವರು ಆಟಗಾರರಿಗೆ ಷಿಕಾಗೋ ತಂಡಕ್ಕೆ ಮಾರಿದ. ಬೇಸಾಯಗಾರ ಎಂದ ಮೇಲೆ ಸಂತೆಯನ್ನೂ ಬಲ್ಲವನಾಗಿರಬೇಕಲ್ಲ.

ಇನ್ನು, ಭವಿಷ್ಯ ನುಡಿಯುವವರ ಕಣ್ಣಿನ ಬಗ್ಗೆ ಒಂದು ಮಾತು. ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನು ಹುಡುಕುವ ಸ್ಕೌಟುಗಳು ಯಾವ ಮೂಲೆಯ ಪ್ರತಿಭೆಯೂ ತಮ್ಮ ಕಣ್ಣು ತಪ್ಪಲಾರದು ಎಂದು ಹೇಳಿಕೊಳ್ಳುತ್ತಿದ್ದ ಕಾಲದಲ್ಲೇ, ಸ್ಯಾಚೆಲ್ ಪೇಜ್ ಎಂಬ ಕಪ್ಪು ಪಿಚರ್ ಅವರ ಕಣ್ಣೆದುರಿಗೇ ಇಪ್ಪತ್ತು ವರ್ಷ ಆಡಿದ. ಮೈಬಣ್ಣದ ಕಾರಣಕ್ಕೆ ಆತ ಯಾವ ಪಟ್ಟಿಗೂ ಸೇರಲಿಲ್ಲ. ಮೇಜರ್ ಲೀಗಿಗೆ ಕಾಲಿಟ್ಟದ್ದು 1948ರಲ್ಲಿ, ತನ್ನ 42ನೆಯ ವಯಸ್ಸಿನಲ್ಲಿ. ಬೇಲಿಯನ್ನು ಮುರಿದವನು ಮತ್ತೆ ರಿಕಿಯೇ. ಆ ಹೊತ್ತಿಗೆ ಬ್ರೂಕ್ಲಿನ್ ತಂಡಕ್ಕೆ ಹೋಗಿದ್ದ ಆತ 1945ರಲ್ಲಿ ಜಾಕಿ ರಾಬಿನ್‌ಸನ್ನನನ್ನು ಸೇರಿಸಿಕೊಂಡು, ಮೊದಲು ಮಾಂಟ್ರಿಯಲ್‌ನ ಸಸಿಮಡಿಗೆ ಕಳಿಸಿದ. 1946ರಲ್ಲಿ ಡಾನ್ ನ್ಯೂಕೂಂಬ್ ಎಂಬ ಪಿಚರನನ್ನು ನ್ಯಾಷುವಾ ಎಂಬ ಸಣ್ಣ ಊರಿನ ತಂಡಕ್ಕೆ ಹಾಕಿದ. 1956ರಲ್ಲಿ ಅತ್ಯುತ್ತಮ ಪಿಚರನಿಗೆಂದು ಸೈ ಯಂಗ್ ಪ್ರಶಸ್ತಿಯನ್ನು ಆರಂಭಿಸಿದಾಗ ಮೊದಲು ಪಡೆದವನು ಈ ನ್ಯೂಕೂಂಬನೇ.

ಸಸಿಮಡಿಯನ್ನೇ ಕಾಣದೆ ಬೆಳೆದವರೂ ಇದ್ದಾರೆ. ಐವತ್ತರ ದಶಕದಲ್ಲಿ ಒಂದು ನಿಯಮವಿತ್ತು: ಹೊಸ ಹುಡುಗನಿಗೆ 4,000 ಡಾಲರಿಗಿಂತ ಹೆಚ್ಚು ಮುಂಗಡ ಕೊಟ್ಟರೆ ಅವನನ್ನು ಎರಡು ವರ್ಷ ಮೇಲಿನ ತಂಡದಲ್ಲೇ ಇಟ್ಟುಕೊಳ್ಳಬೇಕು. ಶ್ರೀಮಂತ ತಂಡಗಳು ಹುಡುಗರನ್ನೆಲ್ಲ ಬಾಚಿ ಕೆಳಗೆ ಕೂಡಿಡಬಾರದೆಂಬುದು ಅದರ ಉದ್ದೇಶ. ಈ ನಿಯಮದಿಂದಾಗಿ ಸ್ಯಾಂಡಿ ಕೋಫ್ಯಾಕ್ಸ್ 1955ರಲ್ಲಿ, 19 ವರ್ಷದವನಾಗಿ, ನೇರವಾಗಿ ಬ್ರೂಕ್ಲಿನ್ ತಂಡಕ್ಕೆ ಬಂದ. ವೇಗ ಅಪಾರ, ಹಿಡಿತ ಕಡಿಮೆ. ಮೊದಲ ಆರು ವರ್ಷದ ಲೆಕ್ಕ 36 ಗೆಲುವು, 40 ಸೋಲು. ಕೆಳಗಿನ ಹಂತದಲ್ಲಿದ್ದಿದ್ದರೆ ಅಷ್ಟು ವರ್ಷ ಯಾರು ಕಾಯುತ್ತಿದ್ದರೋ! 1961ರ ವಸಂತದಲ್ಲಿ, ಅಷ್ಟು ಬಲವಾಗಿ ಎಸೆಯಬೇಡ, ಸ್ವಲ್ಪ ಸಡಿಲ ಬಿಡು ಎಂದು ಜೊತೆಗಾರನೊಬ್ಬ ಹೇಳಿದ ಮೇಲೆ ಆತನ ದಾರಿ ಬದಲಾಯಿತು. ಮುಂದಿನ ಆರು ವರ್ಷಗಳಲ್ಲಿ ಮೂರು ಬಾರಿ ಸೈ ಯಂಗ್ ಪ್ರಶಸ್ತಿ. 1966ರಲ್ಲಿ, ಆಟದ ಶಿಖರದಲ್ಲಿದ್ದಾಗ, ಮೊಣಕೈ ಸಂಧಿವಾತದಿಂದ ಮೂವತ್ತನೆಯ ವಯಸ್ಸಿಗೇ ನಿವೃತ್ತಿ.

ಈಗ ನನ್ನನ್ನು ಈ ವಿಷಯಕ್ಕೆ ಎಳೆದು ತಂದ ಮನುಷ್ಯನ ಕಥೆ. ಕನೆಕ್ಟಿಕಟ್ಟಿನ ನ್ಯೂ ಬ್ರಿಟನ್ ಊರಿನ ಸ್ಟೀವ್ ಡಾಲ್ಕೌಸ್ಕಿ 1957ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಸಸಿಮಡಿಗೆ ಸೇರಿದ. ಅಂಥ ಎತ್ತರವಿಲ್ಲ, ಗಾತ್ರವಿಲ್ಲ, ದಪ್ಪ ಗಾಜಿನ ಕನ್ನಡಕ. ಆದರೆ ಅವನಷ್ಟು ವೇಗವಾಗಿ ಚೆಂಡೆಸೆದವನನ್ನು ತಾವು ಕಂಡಿಲ್ಲವೆಂದು ಅವನೆದುರು ಆಡಿದವರು ಮುಪ್ಪಿನಲ್ಲೂ ಹೇಳುತ್ತಿದ್ದರು. ಸರಿಯಾಗಿ ಅಳೆಯುವ ಸಾಧನ ಆಗ ಇರಲಿಲ್ಲ. 1958ರಲ್ಲಿ ಸೈನ್ಯದ ಶಸ್ತ್ರ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದು ಯಂತ್ರದ ಮುಂದೆ ಎಸೆಸಿದರು. ಹಿಂದಿನ ದಿನ ಪಂದ್ಯವಾಡಿದ್ದ ತೋಳು, ನಿಲ್ಲಲು ದಿಬ್ಬವಿಲ್ಲ, ಯಂತ್ರದ ಕಿಂಡಿಯೊಳಗೆ ಚೆಂಡು ತೂರಿಸುವ ಹೊತ್ತಿಗೆ ಹುಡುಗ ಸುಸ್ತು. ಆ ಲೆಕ್ಕವನ್ನು ಯಾರೂ ನಂಬಲಿಲ್ಲ. ನಂಬಬಹುದಾದ ಲೆಕ್ಕ ಬೇರೆ ಇದೆ: 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ತಂಡದಲ್ಲಿ ಅವನು ಚೆಂಡನ್ನು ಮುಟ್ಟಲೂ ಬಿಡದೆ ಔಟ್ ಮಾಡಿದವರು 262 ಮಂದಿ, ಗುರಿ ತಪ್ಪಿದ ಎಸೆತಗಳಿಂದ ಪುಕ್ಕಟೆ ನಡೆಯಬಿಟ್ಟವರೂ 262 ಮಂದಿ.

ಇಂಥವನ ಜಾತಕ ಬರೆಯುವವರು ಯಾರು? ಪ್ರತಿ ವರ್ಷ ಒಬ್ಬೊಬ್ಬ ಗುರು ಒಂದೊಂದು ಮದ್ದು ಮಾಡಿದ. 1962ರಲ್ಲಿ ಎಲ್ಮೈರಾ ತಂಡದ ಮ್ಯಾನೇಜರ್ ಅರ್ಲ್ ವೀವರ್ ಉಪದೇಶಗಳನ್ನೆಲ್ಲ ಕಡಿಮೆ ಮಾಡಿ, ಹುಡುಗನ ತಲೆಗೆ ಹಿಡಿಯುವಷ್ಟನ್ನೇ ಹೇಳಿದ. ಗುರಿ ಕೂಡತೊಡಗಿತು. 1963ರ ಮಾರ್ಚಿನಲ್ಲಿ ಓರಿಯೋಲ್ಸ್ ಅವನಿಗೆ ಮೇಲಿನ ತಂಡದ ಸಮವಸ್ತ್ರದ ಅಳತೆ ತೆಗೆದರು. ಆ ಶಿಬಿರದಲ್ಲೇ, ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ, ಮೊಣಕೈಯಲ್ಲಿ ಏನೋ ಕಿತ್ತುಬಂದಂತಾಯಿತು. ಮೇಜರ್ ಲೀಗಿನ ಒಂದು ಎಸೆತವನ್ನೂ ಎಸೆಯದೆ 1965ರಲ್ಲಿ ಆಟ ಮುಗಿಸಿದ. ಆಮೇಲೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ, ಕುಡಿತ, ಕೊನೆಗೆ ಮರೆವು. 2020ರ ಏಪ್ರಿಲಿನಲ್ಲಿ, ಕೊರೋನಾ ತಗುಲಿ, ಹುಟ್ಟಿದ ಊರಿನಲ್ಲೇ ತೀರಿಕೊಂಡ. ಅವನಿದ್ದ ಸಸಿಮಡಿಯಲ್ಲಿ ಮುಂದೆ ಆಡಿದ ರಾನ್ ಷೆಲ್ಟನ್ ಎಂಬಾತ, ಅವನ ಬಗ್ಗೆ ಕೇಳಿದ ಕಥೆಗಳಿಂದಲೇ 1988ರ 'ಬುಲ್ ಡರ್ಹಮ್' ಚಲನಚಿತ್ರದ ಹುಚ್ಚು ವೇಗದ ಪಿಚರನನ್ನು ರೂಪಿಸಿದ.

1965ರಿಂದ ಪದ್ಧತಿ ಬದಲಾಯಿತು. ಶಾಲೆ ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 'ಡ್ರಾಫ್ಟ್' ಬಂತು. ಆಗ ಮೊದಲ ಸರದಿ ಹಿಂದಿನ ವರ್ಷ ಸೋತು ತಳಸೇರಿದ ತಂಡದ್ದಾಗಿತ್ತು. ಎಪ್ಪತ್ತರ ದಶಕದ ನಡುವೆ, ಮಿಷಿಗನ್ ವಿಶ್ವವಿದ್ಯಾಲಯವೊಂದರ ತರಬೇತುದಾರ ಡ್ಯಾನಿ ಲಿಟ್‌ವೈಲರ್ ಪೊಲೀಸರು ಮೋಟಾರಿನ ವೇಗ ಹಿಡಿಯುವ ರಾಡಾರ್ ಗನ್ನನ್ನು ಚೆಂಡಿಗೆ ತಿರುಗಿಸಿದ. ಅಂದಿನಿಂದ ಸ್ಕೌಟಿನ ಕೈಯಲ್ಲಿ ಒಂದು ಗನ್ನು, ಒಂದು ನೋಟುಪುಸ್ತಕ. ಪ್ರತಿ ಗುಣಕ್ಕೂ 20ರಿಂದ 80ರವರೆಗೆ ಅಂಕ. 50 ಎಂದರೆ ಮೇಜರ್ ಲೀಗಿನ ಸಾಧಾರಣ ಮಟ್ಟ. ಇಂದು ಇರುವ ಗುಣಕ್ಕೊಂದು ಅಂಕ, ಮುಂದೆ ಬರಬಹುದಾದ ಗುಣಕ್ಕೆ ಇನ್ನೊಂದು. ಈ ಎರಡನೆಯದೇ ಜಾತಕ. ಹುಡುಗ ಎತ್ತರವಾಗಿ ತೆಳ್ಳಗಿದ್ದು ಭುಜ ಅಗಲವಾಗಿದ್ದರೆ, ಮೈ ತುಂಬಿದಾಗ ವೇಗ ಇನ್ನೂ ಹೆಚ್ಚುತ್ತದೆಂದು ಬರೆಯುತ್ತಾರೆ. ಅಂಗೈ ನೋಡುತ್ತಾರೆ, ತಂದೆ ತಾಯಿಯ ಮೈಕಟ್ಟನ್ನೂ ನೋಡುತ್ತಾರೆ. ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳುವವನು ಹಲ್ಲು, ಸುಳಿ ನೋಡುವ ಹಾಗೆ!

ಜಾತಕ ಸರಿಯಿದ್ದೂ ಸಸಿಯನ್ನು ಕೊಂದ ಉದಾಹರಣೆ ಡೇವಿಡ್ ಕ್ಲೈಡ್. 1973ರ ಡ್ರಾಫ್ಟಿನ ಮೊದಲ ಆಯ್ಕೆ. ಹ್ಯೂಸ್ಟನ್ನಿನ ಶಾಲಾ ಹುಡುಗ, ವಯಸ್ಸು 18. ಆರಿಸಿಕೊಂಡ ಟೆಕ್ಸಾಸ್ ರೇಂಜರ್ಸ್ ತಂಡಕ್ಕೆ ಪ್ರೇಕ್ಷಕರಿಲ್ಲದೆ ಗಲ್ಲಾಪೆಟ್ಟಿಗೆ ಖಾಲಿ. ಶಾಲೆ ಮುಗಿಸಿ ಮೂರು ವಾರವಾಗುವಷ್ಟರಲ್ಲಿ, ಜೂನ್ 27ರಂದು, ನೇರವಾಗಿ ಮೇಲಿನ ತಂಡದ ದಿಬ್ಬ ಹತ್ತಿಸಿದರು. ಬಯಲು ತುಂಬಿತು, ಹುಡುಗ ಗೆದ್ದ. ಎರಡು ಪಂದ್ಯವಾಡಿಸಿ ಕೆಳಗಿನ ಹಂತಕ್ಕೆ ಕಳಿಸಬೇಕೆಂದು ಮಾತಾಗಿತ್ತು. ಟಿಕೆಟು ಮಾರಾಟವಾಗುತ್ತಿರುವಾಗ ಕಳಿಸುವವರು ಯಾರು? 24ನೆಯ ವಯಸ್ಸಿಗೆ ಅವನ ಮೇಜರ್ ಲೀಗ್ ಜೀವನ ಮುಗಿಯಿತು: 18 ಗೆಲುವು, 33 ಸೋಲು.

ಮರುವರ್ಷ, 1974ರ ಸೆಪ್ಟೆಂಬರಿನಲ್ಲಿ, ಲಾಸ್ ಏಂಜಲಿಸಿನ ವೈದ್ಯ ಫ್ರ್ಯಾಂಕ್ ಜೋಬ್ ಅದುವರೆಗೆ ಯಾರೂ ಮಾಡದ ಕೆಲಸ ಮಾಡಿದ. ಟಾಮಿ ಜಾನ್ ಎಂಬ ಎಡಗೈ ಪಿಚರನ ಹರಿದ ಮೊಣಕೈ ಕಟ್ಟುನರದ ಜಾಗಕ್ಕೆ ಅವನ ಬಲಗೈಯಿಂದಲೇ ಒಂದು ಸ್ನಾಯುರಜ್ಜು ತೆಗೆದು ಕಟ್ಟಿದ. ಫಲಿಸುವ ಸಂಭವ ನೂರರಲ್ಲಿ ಒಂದು ಎಂದು ಹೇಳಿದ್ದ. ಜಾನ್ 1976ರಲ್ಲಿ ಮತ್ತೆ ಆಡಿ, ಶಸ್ತ್ರಚಿಕಿತ್ಸೆಯ ನಂತರವೇ 164 ಪಂದ್ಯ ಗೆದ್ದ. ಡಾಲ್ಕೌಸ್ಕಿಯ ಕಾಲಕ್ಕೆ ಇಂಥ ಉಪಾಯವಿರಲಿಲ್ಲ. ಆದರೆ ಮದ್ದು ಬಂದ ಮೇಲೆ ಪಥ್ಯ ಸಡಿಲವಾಗುವುದು ಲೋಕರೂಢಿ. ಈಚೆಗೆ ಶಾಲೆಯ ಹುಡುಗರಿಗೇ ಈ ಶಸ್ತ್ರಚಿಕಿತ್ಸೆ ಮಾಡಿಸುವುದು ಮಾಮೂಲಾಗಿದೆ. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗಿನ ಆಡಳಿತವೇ ಹೊರತಂದ ವರದಿಯಲ್ಲಿ, ಪಿಚರುಗಳ ಗಾಯಗಳು ಹೆಚ್ಚಲು ಮುಖ್ಯ ಕಾರಣ ವೇಗದ ಬೆನ್ನುಹತ್ತಿದ್ದು ಎಂದು ಒಪ್ಪಿಕೊಂಡಿದೆ. ಸ್ಕೌಟಿನ ಗನ್ನು ಮೆಚ್ಚುವುದೂ ಅದೇ ವೇಗವನ್ನು. ಹುಡುಗನಾದರೂ ಏನು ಮಾಡಿಯಾನು?

ನ್ಯೂಯಾರ್ಕ್ ಮೆಟ್ಸ್ ತಂಡ 1995ರ ಸುಮಾರಿಗೆ ಮೂವರು ತರುಣ ಪಿಚರುಗಳ ಮೇಲೆ ತನ್ನ ಭವಿಷ್ಯವನ್ನೆಲ್ಲ ಕಟ್ಟಿತ್ತು. ಮೂವರ ತೋಳೂ ಒಂದಾದ ಮೇಲೊಂದು ಕೆಟ್ಟು, ಅವರು ಒಮ್ಮೆಯೂ ಒಂದೇ ಸರದಿಯಲ್ಲಿ ಆಡಲಿಲ್ಲ ಎಂದಷ್ಟು ಹೇಳಿದರೆ ಸಾಕು. ಕ್ಯಾನ್ಸಾಸ್ ಸಿಟಿ ರಾಯಲ್ಸ್ ತಂಡದ ಕಥೆಯನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

'ಬೇಸ್‌ಬಾಲ್ ಅಮೆರಿಕ' ಎಂಬ ಪತ್ರಿಕೆ 1990ರಿಂದ ಪ್ರತಿವರ್ಷ ಎಲ್ಲ ಸಸಿಮಡಿಗಳನ್ನೂ ಜಾಲಾಡಿ ನೂರು ಹುಡುಗರ ಪಟ್ಟಿ ಕಟ್ಟುತ್ತದೆ. 2011ರ ಪಟ್ಟಿಯಲ್ಲಿ ರಾಯಲ್ಸ್ ತಂಡದವರೇ ಒಂಬತ್ತು ಮಂದಿ. ಹಿಂದೆ ಯಾವ ತಂಡಕ್ಕೂ ಅಷ್ಟು ಸ್ಥಾನ ಸಿಕ್ಕಿರಲಿಲ್ಲ. ಅವರಲ್ಲಿ ಐವರು ಪಿಚರುಗಳು: ಜಾನ್ ಲ್ಯಾಂಬ್, ಮೈಕ್ ಮಾಂಟ್‌ಗೊಮೆರಿ, ಡ್ಯಾನಿ ಡಫಿ, ಕ್ರಿಸ್ ಡ್ವೈಯರ್, ಜೇಕ್ ಓಡೊರಿಜ್ಜಿ. 1985ರಿಂದ ಕಿರೀಟ ಕಾಣದ ತಂಡದ ಅಭಿಮಾನಿಗಳು ಈ ಐವರು ಒಂದರ ಹಿಂದೊಂದು ದಿನ ಪಿಚ್ ಮಾಡುವ ಕನಸು ಕಾಣತೊಡಗಿದರು. ಆ ಐವರಲ್ಲಿ ಮೊದಲಿಗನಾದ ಲ್ಯಾಂಬನ ಮೊಣಕೈ ಅದೇ ವರ್ಷ ಹೋಯಿತು. ಆಟವೇ ಬೇಡವೆಂದು ಒಮ್ಮೆ ಮನೆಗೆ ಹೋಗಿ ತಿರುಗಿ ಬಂದಿದ್ದ ಡಫಿಗೆ 2012ರಲ್ಲಿ ಅದೇ ಶಸ್ತ್ರಚಿಕಿತ್ಸೆ. ಮಾಂಟ್‌ಗೊಮೆರಿ ಗುರಿ ಕಳೆದುಕೊಂಡ. ಡ್ವೈಯರ್ ಮೇಜರ್ ಲೀಗಿನಲ್ಲಿ ಆಡಿದ್ದು ಎರಡೇ ಪಂದ್ಯ. ಮಾಂಟ್‌ಗೊಮೆರಿಯನ್ನೂ ಓಡೊರಿಜ್ಜಿಯನ್ನೂ ಇನ್ನಿಬ್ಬರ ಜೊತೆಗೆ 2012ರ ಕೊನೆಯಲ್ಲಿ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು, ಜೇಮ್ಸ್ ಷೀಲ್ಡ್ಸ್, ವೇಡ್ ಡೇವಿಸ್ ಎಂಬ ಅನುಭವಿ ಪಿಚರುಗಳನ್ನು ತಂದರು.

ಅಷ್ಟಾಗಿಯೂ ರಾಯಲ್ಸ್ 2014ರಲ್ಲಿ ಅಂತಿಮ ಸರಣಿಗೆ ಹೋಯಿತು, 2015ರಲ್ಲಿ ಕಿರೀಟ ಗೆದ್ದಿತು. ಗೆದ್ದ ಬಗೆ ನೋಡಿ. ಪಟ್ಟಿಯಲ್ಲಿದ್ದ ಬ್ಯಾಟುಗಾರರು ಬಹುಮಟ್ಟಿಗೆ ಹೇಳಿದಂತೆ ಬಂದರು. ಪಿಚರುಗಳಲ್ಲಿ ಡಫಿಯೊಬ್ಬನೇ ತಂಡದಲ್ಲಿ ಉಳಿದಿದ್ದ. 2014ರ ಸರಣಿಯ ಆರನೆಯ ಪಂದ್ಯದಲ್ಲಿ ಎದುರಾಳಿಗೆ ಒಂದು ರನ್ನೂ ಕೊಡದೆ ಏಳು ಸರದಿ ಎಸೆದ ಯೋರ್ದಾನೋ ವೆಂಚೂರಾ 2011ರ ಆ ನೂರರಲ್ಲಿ ಇರಲೇ ಇಲ್ಲ. 2015ರಲ್ಲಿ ಲ್ಯಾಂಬನನ್ನು ಮತ್ತಿಬ್ಬರೊಡನೆ ಸಿನ್ಸಿನಾಟಿಗೆ ಕೊಟ್ಟು ಜಾನಿ ಕ್ವೇಟೋನನ್ನು ತಂದಿದ್ದರು. ಅವನು ಅಂತಿಮ ಸರಣಿಯ ಎರಡನೆಯ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಎಸೆದು ಗೆದ್ದುಕೊಟ್ಟ. ಕೊನೆಯ ಔಟ್ ತೆಗೆದವನು ವೇಡ್ ಡೇವಿಸ್. ಒಬ್ಬೊಬ್ಬ ಪಿಚರನ ಜಾತಕವಾಗಿ ನೋಡಿದರೆ ಆ ಪಟ್ಟಿ ಹೆಚ್ಚುಕಡಿಮೆ ಸುಳ್ಳು. ಇಡೀ ಮಡಿಯ ಬೆಲೆಯಾಗಿ ನೋಡಿದರೆ ನಿಜ, ಏಕೆಂದರೆ ಬೇರೆಯವರೂ ಅದೇ ಪಟ್ಟಿಯನ್ನು ಓದಿ ನಂಬಿ ತಮ್ಮ ಬೆಳೆದ ಆಟಗಾರರನ್ನು ಕೊಟ್ಟಿದ್ದರು. ಮಾಂಟ್‌ಗೊಮೆರಿ? ಅಲ್ಲಿ ಇಲ್ಲಿ ಅಲೆದು ಷಿಕಾಗೋ ಕಬ್ಸ್ ಸೇರಿ, 2016ರಲ್ಲಿ ಆ ತಂಡ 108 ವರ್ಷಗಳ ನಂತರ ಕಿರೀಟ ಗೆದ್ದಾಗ ಕೊನೆಯ ಎಸೆತ ಎಸೆದ.

ಕ್ವೇಟೋನ ಎದುರು ಆ ದಿನ ಸೋತ ಮೆಟ್ಸ್ ಪಿಚರ್ ಜೇಕಬ್ ಡಿಗ್ರಾಮ್, 2010ರ ಡ್ರಾಫ್ಟಿನಲ್ಲಿ 272ನೆಯವನಾಗಿ ಬಂದವನು. ಕಾಲೇಜಿನಲ್ಲಿ ಹೆಚ್ಚು ಆಡಿದ್ದು ಪಿಚರನಾಗಿ ಅಲ್ಲ, ಚೆಂಡು ತಡೆಯುವವನಾಗಿ. ಅವನು 2018, 2019ರಲ್ಲಿ ಸತತವಾಗಿ ಸೈ ಯಂಗ್ ಪ್ರಶಸ್ತಿ ಗೆದ್ದ.

ಮೇಲೆ ಬಂದವರ ಹೆಸರು ಹೀಗೆ ಹೇಳಬಹುದು. ಬರದೆ ಉಳಿದವರು ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ ಆಡಿ, ಚಳಿಗಾಲದಲ್ಲಿ ಬೇರೆ ಕೆಲಸ ಮಾಡಿ, ಒಂದು ದಿನ ಮ್ಯಾನೇಜರ್ ಕೋಣೆಗೆ ಕರೆದು 'ಇನ್ನು ಸಾಕು' ಎಂದಾಗ ಗಂಟುಮೂಟೆ ಕಟ್ಟಿದವರು. 2021ರಲ್ಲಿ ಮೇಜರ್ ಲೀಗ್ ಸುಮಾರು 160 ಇದ್ದ ಸಸಿಮಡಿಯ ತಂಡಗಳನ್ನು 120ಕ್ಕೆ ಇಳಿಸಿತು. ಎಷ್ಟೋ ಸಣ್ಣ ಊರುಗಳ ಬೇಸಿಗೆಯ ಸಂಜೆಗಳು ಅದರೊಂದಿಗೆ ಹೋದವು. 2022ರಲ್ಲಿ ಈ ಹುಡುಗರು ಕೊನೆಗೂ ಕಾರ್ಮಿಕ ಸಂಘ ಸೇರಿದರು. 2023ರ ಒಪ್ಪಂದದಿಂದ ಟ್ರಿಪಲ್ ಎ ಎಂಬ ಮೇಲಿನ ಹಂತದ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರಿನಿಂದ 35,800ಕ್ಕೆ ಏರಿತು. ರಿಕಿಯ ಸಸಿಮಡಿ ಹುಟ್ಟಿ ಆಗ ನೂರು ವರ್ಷ ಕಳೆದಿತ್ತು.

ನಮ್ಮ ದೇಶದ ಇಬ್ಬರು ಹುಡುಗರೂ ಈ ಮೆಟ್ಟಿಲನ್ನು ಹತ್ತಿದ್ದುಂಟು. ಅಮೆರಿಕದ ವ್ಯಾಪಾರಿಯೊಬ್ಬ 2008ರಲ್ಲಿ ಭಾರತದಲ್ಲಿ ಒಂದು ಸ್ಪರ್ಧೆ ನಡೆಸಿ, ಬಂದ ಸಾವಿರಾರು ಹುಡುಗರ ಎಸೆತದ ವೇಗವನ್ನು ಗನ್ನಿನಿಂದ ಅಳೆಸಿದ. ಆಯ್ಕೆಯಾದವರು ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲಿನ ಗಂಧವೇ ಇಲ್ಲದವರು. ಕೆಲವು ತಿಂಗಳ ತರಬೇತಿಯ ನಂತರ ಅದೇ ವರ್ಷದ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರನ್ನೂ ಸೇರಿಸಿಕೊಂಡಿತು. 2009ರ ಬೇಸಿಗೆಯಲ್ಲಿ ಫ್ಲಾರಿಡಾದ ಕೆಳಗಿನ ಹಂತದಲ್ಲಿ ಆಡಿದರು. ದಿನೇಶನನ್ನು 2010ರಲ್ಲಿ ತಂಡ ಬಿಟ್ಟಿತು, ಅವನು ಊರಿಗೆ ಮರಳಿದ. ರಿಂಕು ಇನ್ನೊಂದೆರಡು ಹಂತ ಹತ್ತಿ, ವೆಸ್ಟ್ ವರ್ಜೀನಿಯಾದ ತಂಡದವರೆಗೆ ಹೋದ. ಆಮೇಲೆ ಗಾಯಗಳು ಅವನನ್ನು ಮೈದಾನದಿಂದ ಹೊರಗಿಟ್ಟವು. 2018ರಲ್ಲಿ ಅವನು ಅಮೆರಿಕದ ಪ್ರದರ್ಶನ ಕುಸ್ತಿಯ ಸಂಸ್ಥೆಯೊಂದನ್ನು ಸೇರಿದ.